‘ಸ್ಕಾಲರ್‌ಶಿಪ್‌ನವರು ಎದ್ದು ನಿಲ್ಲಿ’

ವಿಜಯಪುರ ಜಿಲ್ಲೆಯ ಒಂದು ಸರ್ಕಾರಿ ಪದವಿ ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸುತ್ತೇನೆ. ಬಸವಣ್ಣನವರು ಹುಟ್ಟಿದ ಜಿಲ್ಲೆ. ಸಮಾನತೆಯ ಭಾಷಣಕ್ಕೆ ಇಲ್ಲಿ ಬರವಿಲ್ಲ. 2024ರಲ್ಲಿ ಸರ್ಕಾರ ಅವರನ್ನು ಸಾಂಸ್ಕೃತಿಕ ನಾಯಕ ಎಂದು ಘೋಷಿಸಿದ ಮೇಲೆ ಭಾಷಣಗಳು ಇನ್ನೂ ಉದ್ದವಾಗಿವೆ.

ಭಾಷಣ ಮುಗಿದ ಮರುದಿನ ಪಾಠದ ನಡುವೆ ಗುಮಾಸ್ತರು ಪಟ್ಟಿ ಹಿಡಿದು ಬರುತ್ತಾರೆ. ‘ಎಸ್‌ಸಿ, ಎಸ್‌ಟಿ ಸ್ಕಾಲರ್‌ಶಿಪ್‌ನವರು ಎದ್ದು ನಿಲ್ಲಿ.’ ಕೆಲವರು ಏಳುತ್ತಾರೆ, ಉಳಿದವರು ತಿರುಗಿ ನೋಡುತ್ತಾರೆ. ಮೂರನೆಯ ಬೆಂಚಿನ ಹುಡುಗಿ ಏಳಲಿಲ್ಲ. ನೋಟ್‌ಬುಕ್ಕಿನ ಅಂಚಿನಲ್ಲಿ ಗೆರೆ ಎಳೆಯುತ್ತಾ ಕುಳಿತಳು. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗದವರ ಪಟ್ಟಿ ಅದು. ಅವಳ ಹೆಸರೂ ಇತ್ತು. ಆ ವರ್ಷದ ಹಣ ಅವಳಿಗೆ ಬರಲಿಲ್ಲ.

ಅರ್ಜಿ ಹಾಕುವುದು ಆನ್‌ಲೈನಿನಲ್ಲಿ, ಹಣ ಬರುವುದು ನೇರ ಖಾತೆಗೆ. ಮಧ್ಯದಲ್ಲಿ ಜಾತಿಯನ್ನು ಕೂಗಿ ಹೇಳುವ ಕೆಲಸ ಮಾತ್ರ ಯಾಕೆ ಉಳಿದುಕೊಂಡಿದೆ? ಪ್ರತಿ ವಿದ್ಯಾರ್ಥಿಯ ಮೊಬೈಲ್ ಸಂಖ್ಯೆ ಕಚೇರಿಯಲ್ಲಿದೆ. (ಸಮಾನ ಅವಕಾಶ ಕೋಶದ ಫಲಕವೂ ಇದೆ. ಕಾಲೇಜಿಗೆ ಗುಣಮಟ್ಟದ ಶ್ರೇಣಿ ಕೊಡುವ ನ್ಯಾಕ್ ತಂಡ ಬರುವಾಗ ಅದರ ಧೂಳು ಒರೆಸುತ್ತೇವೆ.)

ಇನ್ನೊಂದು, ಹಾಜರಿ. ತಾಂಡಾಗಳ ಹುಡುಗರು ದೀಪಾವಳಿಯ ಹೊತ್ತಿಗೆ ಅಪ್ಪ ಅವ್ವನ ಜೊತೆ ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ ಗುಳೆ ಹೋಗುತ್ತಾರೆ. ತಿರುಗಿ ಬರುವಷ್ಟರಲ್ಲಿ ಶೇ 75ರ ಹಾಜರಿ ಕೈತಪ್ಪಿರುತ್ತದೆ. ‘ಓದಿನ ಆಸಕ್ತಿ ಇಲ್ಲ’ ಎಂದು ಸಿಬ್ಬಂದಿ ಕೊಠಡಿಯಲ್ಲಿ ಷರಾ ಬರೆದುಬಿಡುತ್ತೇವೆ. ಹಾಗೆ ಹೋಗಿ ಬಂದ ಹುಡುಗನೊಬ್ಬನಿಗೆ ಕೂಲಿಯ ಅಧ್ಯಾಯವನ್ನು ನೀನೇ ಹೇಳು ಎಂದೆ. ಕೂಲಿಗಳನ್ನು ಕರೆದೊಯ್ಯುವ ಮುಕಾದಮ ಕೊಡುವ ಮುಂಗಡ, ಟನ್ನಿನ ದರ, ಗಂಡ ಹೆಂಡತಿ ಇಬ್ಬರನ್ನೂ ಸೇರಿಸಿ ಒಂದೇ ‘ಕೊಯ್ತಾ’ ಎಂದು ಹಿಡಿಯುವ ಲೆಕ್ಕ, ಒಂದು ದಿನ ತಪ್ಪಿದರೆ ಮುರಿದುಕೊಳ್ಳುವ ಹಣ, ಎಲ್ಲವನ್ನೂ ಬೋರ್ಡಿನ ಮೇಲೆ ಬರೆದ. ಹೆಂಗಸಿನ ದುಡಿಮೆಗೆ ಪ್ರತ್ಯೇಕ ಕೂಲಿ ಕಾಣಿಸುವುದೇ ಇಲ್ಲ ಎಂಬುದನ್ನು ಎತ್ತಿ ಹೇಳಿದವಳು ಪೇಟೆಯ ಹುಡುಗಿ. ಪಠ್ಯದಲ್ಲಿ ಅಷ್ಟು ವಿವರ ಇಲ್ಲ, ನನ್ನ ಟಿಪ್ಪಣಿಯಲ್ಲಂತೂ ಇರಲೇ ಇಲ್ಲ.

ಹೆಣ್ಣುಮಕ್ಕಳ ವಿಷಯದಲ್ಲಿ ನಮ್ಮ ಉಪನ್ಯಾಸಗಳಿಗಿಂತ 2023ರ ಶಕ್ತಿ ಯೋಜನೆಯೇ ಹೆಚ್ಚು ಕೆಲಸ ಮಾಡಿದೆ ಎಂಬುದು ನನ್ನ ಅನಿಸಿಕೆ. ಆದರೆ ಹಳ್ಳಿಯ ಬಸ್ಸು ಬರುವ ಮೊದಲೇ ಮೊದಲ ತರಗತಿ ಶುರುವಾದರೆ ಟಿಕೆಟ್ ಉಚಿತವಾಗಿ ಏನು ಬಂತು?

ಆಂತರಿಕ ಪರೀಕ್ಷೆಯನ್ನು ಕಬ್ಬಿನ ಹಂಗಾಮಿಗೆ ಮುನ್ನವೇ ಮುಗಿಸೋಣ ಎಂದು ಈ ಸಲ ಸಭೆಯಲ್ಲಿ ಕೇಳಿದೆ. ‘ಕಬ್ಬಿಗೆ ತಕ್ಕಂತೆ ಕಾಲೇಜು ನಡೆಸುವುದೇನ್ರೀ ಸರ್?’ ಎಂದರು ಹಿರಿಯರೊಬ್ಬರು. ದಸರೆಗೆ, ಜಾತ್ರೆಗೆ, ಚುನಾವಣೆಗೆ ತಕ್ಕಂತೆ ನಡೆಸುತ್ತಲೇ ಇದ್ದೇವಲ್ಲ ಎಂದೆ. ಮುಂದಿನ ಸಭೆಗೆ ಇಟ್ಟಿದ್ದಾರೆ.