ಸೂಪರ್ ಗ್ಲೂ ಮಾತ್ರ ಬೇಡ
ಕನ್ವರ್ಟಿಬಲ್ ಕಾರಿನ ಸಾಫ್ಟ್ ಟಾಪ್, ಅಂದರೆ ಮಡಚುವ ಬಟ್ಟೆ ಚಾವಣಿ, ಹರಿದರೆ ಸೂಪರ್ ಗ್ಲೂ ಸಾಕು ಅಂತ ಬರೆದಿದ್ದೀರಿ. ದಯವಿಟ್ಟು ಅದು ಬೇಡ. ಒಣಗಿದ ಮೇಲೆ ಅದು ಗಾಜಿನ ಹಾಗೆ ಗಟ್ಟಿಯಾಗುತ್ತದೆ. ಟಾಪ್ ಮಡಚಿದಾಗ ಅಂಟಿನ ಪಕ್ಕದಲ್ಲೇ ಬಟ್ಟೆ ಮತ್ತೆ ಸೀಳುತ್ತದೆ. ನನ್ನ ಕಾರಿನಲ್ಲಿ ಬೆರಳುದ್ದದ ಹರುಕು ಗೇಣುದ್ದ ಆಗಿದ್ದು ಹೀಗೇ, ಹೊಟ್ಟೆ ಉರಿದುಹೋಯಿತು.

ಒಣಗಿದ ಮೇಲೂ ಬಾಗುವಂಥ ಕಾಂಟ್ಯಾಕ್ಟ್ ಅಂಟು (ಎರಡೂ ಕಡೆ ಬಳಿದು ಒತ್ತುವ ಅಂಟು) ತಗೊಳ್ಳಿ. ತೇಪೆಯನ್ನು ಒಳಗಿನಿಂದ ಹಾಕಿ. ಮೂಲೆಗಳನ್ನು ಗುಂಡಗೆ ಕತ್ತರಿಸಿ, ಚೂಪಾಗಿದ್ದರೆ ಬೇಗ ಎದ್ದು ಬರುತ್ತವೆ. ತೇಪೆಗೂ ಬಟ್ಟೆಗೂ ಅಂಟು ತೆಳ್ಳಗೆ ಬಳಿದು ಸ್ವಲ್ಪ ಕಾಯಿರಿ. ಮುಟ್ಟಿದರೆ ಜಿಗುಟು ಅನ್ನಿಸಬೇಕು, ಆದರೆ ಬೆರಳಿಗೆ ಹತ್ತಬಾರದು. ಆಗ ಒತ್ತಿ. 24 ಗಂಟೆ ಟಾಪ್ ಮಡಚಬೇಡಿ.

ಹಾಂ, ಹೊಲಿಗೆ ಬಿಟ್ಟಿದ್ದರೆ ಹತ್ತಿ ದಾರ ಬೇಡ, ಬಿಸಿಲು ಮಳೆಗೆ ಬೇಗ ಲಡ್ಡಾಗುತ್ತದೆ. ಪಾಲಿಯೆಸ್ಟರ್ ದಾರದಲ್ಲಿ ಹಳೇ ತೂತುಗಳಲ್ಲೇ ಹೊಲಿಯಿರಿ.