ಸಿಮ್ಯುಲೇಷನ್ ಪರೀಕ್ಷೆಗೆ ಬಹು ಆಯ್ಕೆಯ ಅಭ್ಯಾಸ ಸಾಲದು
ವಿಶೇಷ ಆಹಾರತಜ್ಞರ ಪ್ರಮಾಣೀಕರಣಕ್ಕೆ ಬಹು ಆಯ್ಕೆಯ ಪ್ರಶ್ನೆಗಳನ್ನೇ ಹೆಚ್ಚಾಗಿ ಬಿಡಿಸಬೇಕೆಂದು ಪರೀಕ್ಷಾ ಸಿದ್ಧತೆಯ ಕುರಿತ ಲೇಖನವೊಂದರಲ್ಲಿ ಅದರ ಲೇಖಕರು ಸೂಚಿಸಿದ್ದಾರೆ. ಸಿಮ್ಯುಲೇಷನ್ ಮಾದರಿಯ ಪರೀಕ್ಷೆಗೆ ಅಷ್ಟು ಸಾಲದೆಂದು ನನಗೆ ಬಲವಾಗಿ ಅನಿಸುತ್ತದೆ. ಅಲ್ಲಿ ರೋಗಿಯೊಬ್ಬರ ಪ್ರಕರಣವು ಹಂತಹಂತವಾಗಿ ತೆರೆದುಕೊಳ್ಳುವುದರಿಂದ, ಯಾವ ಮಾಹಿತಿಯನ್ನು ಮೊದಲು ಕೇಳಬೇಕು, ಯಾವುದು ಅನಗತ್ಯ ಎಂಬ ವಿವೇಚನೆಯೇ ಮುಖ್ಯ. ಉದಾಹರಣೆಗೆ, 10 ದಿನಗಳಿಗೂ ಹೆಚ್ಚು ಕಾಲ ಆಹಾರವಿಲ್ಲದೆ ಸೊರಗಿದ ರೋಗಿಗೆ ಮೊದಲು ರಕ್ತದ ಫಾಸ್ಫೇಟ್, ಪೊಟ್ಯಾಸಿಯಂ, ಮೆಗ್ನೀಸಿಯಂ ಮಟ್ಟಗಳನ್ನು ನೋಡಿ, ಥಯಾಮಿನ್ (ವಿಟಮಿನ್ ಬಿ1) ಕೊಡಿಸಿ, ಆಮೇಲೆ ಪ್ರತಿ ಕಿಲೋ ತೂಕಕ್ಕೆ ದಿನಕ್ಕೆ ಸುಮಾರು 10 ಕಿಲೋಕ್ಯಾಲೊರಿಯಿಂದ ಆರಂಭಿಸಿ ನಿಧಾನವಾಗಿ ಏರಿಸಬೇಕು. ಒಮ್ಮೆಲೇ ಪೂರ್ಣ ಪ್ರಮಾಣದ ಆಹಾರ ಕೊಟ್ಟರೆ ಇನ್ಸುಲಿನ್ ಏರಿ, ಫಾಸ್ಫೇಟ್ ಜೀವಕೋಶಗಳೊಳಗೆ ಸರಿದು ರಕ್ತದಲ್ಲಿ ಅದರ ಮಟ್ಟ ಕುಸಿದು, ಹೃದಯಕ್ಕೂ ಉಸಿರಾಟಕ್ಕೂ ಅಪಾಯವಾಗಬಹುದು. ಸಹಪಾಠಿಯೊಬ್ಬರು ಪ್ರಕರಣದ ಕಡತವನ್ನು ತಮ್ಮಲ್ಲೇ ಇಟ್ಟುಕೊಂಡು, ನಾವು ಕೇಳಿದ್ದನ್ನಷ್ಟೇ ಹೇಳುತ್ತ ಹೋಗುವ ಅಭ್ಯಾಸವು ಈ ಕ್ರಮವನ್ನು ಕಲಿಸುತ್ತದೆ.