ಮುಚ್ಚಿದ ಮೇಲೆ ಹೌಸ್‌ಫುಲ್

ನಮ್ಮ ಊರುಗಳಲ್ಲಿ ಚಿತ್ರಮಂದಿರ ತೆರೆಯುವುದಕ್ಕೆ ಒಂದು ವಿಧಿಯಿತ್ತು. ಮಂತ್ರಿಗಳು ಬರಬೇಕು, ನಾದಸ್ವರ ಮೊಳಗಬೇಕು, ಪರದೆಗೆ ಆರತಿಯಾಗಬೇಕು, ಉದ್ಘಾಟಿಸಿದವರ ಹೆಸರನ್ನು ಅವರ ಸಕಲ ಹುದ್ದೆಗಳ ಸಮೇತ ಅಮೃತಶಿಲೆಯಲ್ಲಿ ಕೆತ್ತಿ ಗೋಡೆಗೆ ಕೂರಿಸಬೇಕು. 1968ರಲ್ಲಿ ಬೆಂಗಳೂರಿನ ಕಪಾಲಿಯನ್ನು ಉದ್ಘಾಟಿಸಲು ಮೊರಾರ್ಜಿ ದೇಸಾಯಿ ಅವರೇ ಬಂದಿದ್ದರು; ಅವರು ಆಗ ದೇಶದ ಉಪಪ್ರಧಾನಿ. ಮುಚ್ಚುವುದಕ್ಕೆ ಮಾತ್ರ ಯಾರೂ ಯಾವ ವಿಧಿಯನ್ನೂ ರೂಪಿಸಲಿಲ್ಲ. ಕಪಾಲಿ ಬಾಗಿಲು ಹಾಕಿದ 2017ರಲ್ಲಿ ದೇಶಕ್ಕೆ ಉಪಪ್ರಧಾನಿಯೇ ಇರಲಿಲ್ಲವಾದ್ದರಿಂದ, ಶಿಷ್ಟಾಚಾರದ ಪ್ರಕಾರ ಯಾರನ್ನು ಕರೆಯಬೇಕೆಂಬ ಪ್ರಶ್ನೆ ತಾನಾಗಿಯೇ ಬಗೆಹರಿದಿತ್ತು.

ಈ ಕೊರತೆಯನ್ನು ನಾಗರಿಕರು ಈಚಿನ ವರ್ಷಗಳಲ್ಲಿ ಸ್ವಂತ ಉತ್ಸಾಹದಿಂದ ತುಂಬಿಕೊಟ್ಟಿದ್ದಾರೆ. ಒಂದು ಮಂದಿರ ಮುಚ್ಚುತ್ತದೆಂಬ ಸುದ್ದಿ ಪತ್ರಿಕೆಯ ಒಳಪುಟದಲ್ಲಿ ಬಂದದ್ದೇ ತಡ, ಹತ್ತು ಹದಿನೈದು ವರ್ಷಗಳಿಂದ ಅದರ ಗೇಟಿನೊಳಗೆ ಕಾಲಿಡದ ಮಹನೀಯರೆಲ್ಲ ಕ್ಯಾಮೆರಾ ಹಿಡಿದು ಅಲ್ಲಿ ನೆರೆಯುತ್ತಾರೆ. ಒಳಗೆ ಯಾವ ಚಿತ್ರ ನಡೆಯುತ್ತಿದೆ ಎಂದು ಅವರು ವಿಚಾರಿಸುವುದಿಲ್ಲ. ಟಿಕೆಟ್ ಕೊಳ್ಳುವ ಮಟ್ಟಕ್ಕೆ ದುಃಖವನ್ನು ಎಳೆದುಕೊಂಡು ಹೋಗುವುದು ಅವರ ಸಂಸ್ಕಾರಕ್ಕೆ ಒಗ್ಗುವುದಿಲ್ಲ. ಬುಕಿಂಗ್ ಕಿಂಡಿಯ ಮುಂದೊಂದು, ಬಾಲ್ಕನಿಯ ಮೆಟ್ಟಿಲ ಮೇಲೊಂದು, ಗೇಟ್ ಕೀಪರ್‌ನ ಹೆಗಲ ಮೇಲೆ ಕೈಹಾಕಿ ಮತ್ತೊಂದು ಫೋಟೊ ತೆಗೆಸಿಕೊಂಡು, ‘ನಮ್ಮ ಬಾಲ್ಯವೇ ನೆಲಸಮವಾಯಿತು’ ಎಂದು ಫೇಸ್‌ಬುಕ್ಕಿನಲ್ಲಿ ಬರೆದು, ಸಂಜೆಯ ಹೊತ್ತಿಗೆ ಅದಕ್ಕೆ ಬಂದ ಲೈಕುಗಳನ್ನು ಎಣಿಸುತ್ತಾರೆ. ಹಿಂದಿನ ವಾರದ ಮ್ಯಾಟಿನಿಗೆ ಬಂದ ಜನಸಂಖ್ಯೆಯನ್ನು ಆ ಲೈಕುಗಳು ಹಲವು ಪಟ್ಟು ಮೀರಿರುತ್ತವೆ ಎಂಬುದನ್ನು ಆ ಗೇಟ್ ಕೀಪರ್ ಮಾತ್ರ ಬಲ್ಲ, ಆದರೆ ಅವನನ್ನು ಯಾರೂ ಕೇಳುವುದಿಲ್ಲ. ಬ್ರಿಗೇಡ್ ರಸ್ತೆಯ ರೆಕ್ಸ್ 2018ರ ಡಿಸೆಂಬರ್ 31ರಂದು ಮುಚ್ಚಿದಾಗ, ಮೈಸೂರಿನ ಶಾಂತಲಾ 2020ರಲ್ಲಿ ಮುಚ್ಚಿದಾಗ, 1974ರಲ್ಲಿ ಹುಟ್ಟಿದ ಬೆಂಗಳೂರಿನ ಕಾವೇರಿ ಐವತ್ತು ತುಂಬಿದ ವರ್ಷವೇ ಕಣ್ಣು ಮುಚ್ಚಿದಾಗ ಹರಿದ ಶೋಕಸಾಹಿತ್ಯವನ್ನು ಟಿಕೆಟ್ಟುಗಳಾಗಿ ಬದಲಾಯಿಸುವ ಯಂತ್ರವೊಂದು ಇದ್ದಿದ್ದರೆ, ಈ ಮೂರೂ ಮಂದಿರಗಳು ನಿಶ್ಚಿಂತೆಯಿಂದ ಇನ್ನೊಂದು ಬೆಳ್ಳಿಹಬ್ಬ ಆಚರಿಸಬಹುದಿತ್ತು.

ಮುಚ್ಚಿದ ಮರುಗಳಿಗೆಯಿಂದಲೇ ಚಿತ್ರಮಂದಿರ ಹೊಸ ಹೊಸ ಗುಣಗಳನ್ನು ಪಡೆಯತೊಡಗುತ್ತದೆ. ತೆರೆದಿದ್ದಾಗ ಅಲ್ಲಿ ತಿಗಣೆಯಿತ್ತು, ಫ್ಯಾನಿನ ಗದ್ದಲದಲ್ಲಿ ಸಂಭಾಷಣೆ ಕೇಳುತ್ತಿರಲಿಲ್ಲ, ಶೌಚಾಲಯ ಎಲ್ಲಿದೆಯೆಂದು ಯಾರನ್ನೂ ಕೇಳಬೇಕಾಗಿರಲಿಲ್ಲ, ಆದ್ದರಿಂದ ಹೆಂಡತಿ ಮಕ್ಕಳನ್ನು ಕರೆದುಕೊಂಡು ಹೋಗುವಂತಿರಲಿಲ್ಲ. ಮುಚ್ಚಿದ ಮೇಲೆ ಅದೇ ತಿಗಣೆಗೆ ಪರಂಪರೆಯ ಪಟ್ಟ ಸಿಗುತ್ತದೆ. ಬ್ಲಾಕಿನಲ್ಲಿ ಟಿಕೆಟ್ ಮಾರಿ ಲಾಠಿಯೇಟು ತಿನ್ನುತ್ತಿದ್ದವನು ‘ಆ ಕಾಲದ ಮರೆಯಲಾಗದ ವ್ಯಕ್ತಿ’ಯಾಗುತ್ತಾನೆ. ಜನ್ಮದಲ್ಲಿ ಬಾಲ್ಕನಿಯಿಂದ ಕೆಳಗಿಳಿಯದವರು ಕೂಡ ಗಾಂಧಿ ಕ್ಲಾಸಿನ ಬೆಂಚೇ ತಮ್ಮ ನಿಜವಾದ ವಿಶ್ವವಿದ್ಯಾಲಯವೆಂದು ಘೋಷಿಸುತ್ತಾರೆ. ಕಪಾಲಿಗೆ 1,465 ಆಸನಗಳೂ ಸಿನೆರಾಮದ ಬಾಗಿದ ಪರದೆಯೂ ಇದ್ದದ್ದರಿಂದ ಅದನ್ನು ಏಷ್ಯಾದ ದೊಡ್ಡ ಮಂದಿರಗಳ ಸಾಲಿಗೆ ಸೇರಿಸುವುದರಲ್ಲಿ ಅರ್ಥವಿತ್ತು. ಆದರೆ ಅದರ ಹಿಂದೆ ಮುಂದೆ ಮುಚ್ಚಿದ ಒಂದೊಂದು ಟಾಕೀಸೂ ಯಾರದಾದರೊಬ್ಬರ ಬರಹದಲ್ಲಿ ಏಷ್ಯಾದಲ್ಲೇ ದೊಡ್ಡದೋ ಏಷ್ಯಾದಲ್ಲೇ ಮೊದಲನೆಯದೋ ಆಗಿಬಿಟ್ಟಿರುವುದರಿಂದ, ನಮ್ಮ ಶೋಕಲೇಖಕರ ಭೂಗೋಳದಲ್ಲಿ ಏಷ್ಯಾ ಖಂಡವು ಮೈಸೂರು ಬ್ಯಾಂಕ್ ವೃತ್ತದಲ್ಲಿ ಆರಂಭವಾಗಿ ಉಪ್ಪಾರಪೇಟೆ ಪೊಲೀಸ್ ಠಾಣೆಯ ಬಳಿ ಮುಗಿಯುತ್ತದೆಂದೇ ತಿಳಿಯಬೇಕು. ನೆನಪುಗಳ ಲೆಕ್ಕವೂ ಹೀಗೆಯೇ. 1972ರ ‘ಬಂಗಾರದ ಮನುಷ್ಯ’ ಕೆಂಪೇಗೌಡ ರಸ್ತೆಯ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಎರಡು ವರ್ಷ ಓಡಿದ್ದು ನಿಜ. ಅಲ್ಲಿ ಅದನ್ನು ಮೊದಲ ದಿನ ಮೊದಲ ಆಟದಲ್ಲಿಯೇ ನೋಡಿದೆವೆಂದು ಹೇಳಿಕೊಳ್ಳುವವರನ್ನೆಲ್ಲ ಇಂದು ಒಟ್ಟುಗೂಡಿಸಿದರೆ ಕಂಠೀರವ ಕ್ರೀಡಾಂಗಣ ಸಾಲದು, ಮತ್ತು ಅವರಲ್ಲಿ ಹಲವರ ಜನ್ಮದಿನಾಂಕವನ್ನು ಪರಿಶೀಲಿಸುವುದು ಸೌಜನ್ಯವಾಗುವುದಿಲ್ಲ.

ಇಷ್ಟೊಂದು ಪ್ರೀತಿಯ ನಡುವೆ ಕಟ್ಟಡಗಳಿಗೆ ಏನಾಯಿತೆಂಬುದು ಸಣ್ಣ ವಿಷಯ. ಮೆಜೆಸ್ಟಿಕ್ ಚಿತ್ರಮಂದಿರ ಹೋಯಿತು. ಆದರೆ ರಾಜ್ಯದ ಮೂಲೆ ಮೂಲೆಯಿಂದ ಬರುವ ಬಸ್ಸುಗಳ ಕಂಡಕ್ಟರುಗಳು ಇಂದಿಗೂ ಅದರ ಹೆಸರನ್ನೇ ಕೂಗುತ್ತಾರೆ, ಮೆಟ್ರೊ ನಿಗಮ ಕೂಡ ‘ನಾಡಪ್ರಭು ಕೆಂಪೇಗೌಡ ನಿಲ್ದಾಣ, ಮೆಜೆಸ್ಟಿಕ್’ ಎಂದು ಊರು ಕಟ್ಟಿದವರ ಪಕ್ಕದಲ್ಲಿ ಟಾಕೀಸಿಗೂ ಒಂದು ಸೀಟು ಕಾಯ್ದಿರಿಸಿದೆ. ಮಿನರ್ವ ಟಾಕೀಸು ವೃತ್ತವಾಗಿ ಉಳಿದಿದೆ. ಸಾಗರ್ ಇದ್ದಲ್ಲಿ ಸೀರೆ ಮಾರುತ್ತಾರೆ. ಮಹಾತ್ಮ ಗಾಂಧಿ ರಸ್ತೆಯ ಪ್ಲಾಜಾವನ್ನು ಮೆಟ್ರೊಗಾಗಿ ಕೆಡವಿದರು. ಪ್ಲಾಜಾಗಾಗಿ ಕಣ್ಣೀರಿಟ್ಟವರು ಅದೇ ಮೆಟ್ರೊ ಹತ್ತಿ, ಸೀಟು ಸಿಕ್ಕರೆ ಕುಳಿತು, ಮೊಬೈಲಿನಲ್ಲಿ ಸಿನಿಮಾ ನೋಡುತ್ತ ಮನೆಗೆ ಹೋಗುತ್ತಾರೆ. ಜಯನಗರದ ನಾಲ್ಕನೆಯ ಬಡಾವಣೆಯಲ್ಲಿ, ಕನ್ನಡದ ಮಹಾನ್ ನಿರ್ದೇಶಕರ ನೆನಪಿಗೆಂದು ಸಾರ್ವಜನಿಕ ಸ್ವತ್ತಿನೊಳಗೇ ಇದ್ದ ಪುಟ್ಟಣ್ಣ ಚಿತ್ರಮಂದಿರವೂ ಸಂಕೀರ್ಣದ ಪುನರ್ನಿರ್ಮಾಣದ ಹೆಸರಿನಲ್ಲಿ ನೆಲಕ್ಕುರುಳಿತು. ಖಾಸಗಿ ಮಾಲೀಕರನ್ನು ಲಾಭಬಡುಕರೆಂದು ಬೈಯುವ ನಾವು, ಲಾಭದ ಹಂಗಿಲ್ಲದ ಸರ್ಕಾರ ಒಂದು ಮಂದಿರವನ್ನು ಹೇಗೆ ಉಳಿಸಿಕೊಳ್ಳುತ್ತದೆಂಬುದನ್ನು ಇದರಿಂದ ಕಲಿಯಬೇಕು.

ಎಲ್ಲಕ್ಕೂ ಮೇಲ್ಪಂಕ್ತಿಯಾಗಿರುವುದು ಪರಿಮಳ ಟಾಕೀಸಿನ ಚರಿತ್ರೆ. ಸಿಟಿ ಮಾರುಕಟ್ಟೆಯ ಬಳಿ ಪ್ಯಾರಾಮೌಂಟ್ ಎಂದಿದ್ದ ಆ ಮಂದಿರದಲ್ಲಿ 1934ರ ಮಾರ್ಚ್ 3ರಂದು ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ ತೆರೆ ಕಂಡಿತು. ಆ ದಿನಾಂಕವನ್ನು ನಾವು ಮರೆತಿಲ್ಲ. ಮಾರ್ಚ್ 3ನ್ನು ಕನ್ನಡ ಸಿನಿಮಾದ ದಿನವೆಂದು ಆಚರಿಸುತ್ತೇವೆ, ಭಾಷಣ ಮಾಡುತ್ತೇವೆ, ಶಾಲು ಹೊದಿಸುತ್ತೇವೆ. ಮರೆತದ್ದು ಕಟ್ಟಡವನ್ನಷ್ಟೇ. ಬೆಂಗಳೂರಿನ ಅಂತರರಾಷ್ಟ್ರೀಯ ಚಿತ್ರೋತ್ಸವವನ್ನು ಹಲವು ವರ್ಷ ರಾಜಾಜಿನಗರದ ಮಾಲಿನ ಪರದೆಗಳ ಮೇಲೆ ನಡೆಸಿದ್ದೇವೆ. ಅಲ್ಲಿ ವಾಹನ ನಿಲುಗಡೆ ಸುಸೂತ್ರವಾಗಿದ್ದು, ಏಕಪರದೆ ಚಿತ್ರಮಂದಿರಗಳ ಉಳಿವು ಎಂಬ ವಿಷಯದ ಮೇಲೆ ಚರ್ಚಿಸಲು ಹವಾನಿಯಂತ್ರಿತ ವಾತಾವರಣವೂ ದೊರೆಯುತ್ತದೆ.

ಚಿತ್ರೋದ್ಯಮದ ನಿಷ್ಠೆಯನ್ನಂತೂ ಯಾರೂ ಪ್ರಶ್ನಿಸುವಂತಿಲ್ಲ. ಪ್ರತಿ ಕನ್ನಡ ಚಿತ್ರಕ್ಕೂ ಕೆಂಪೇಗೌಡ ರಸ್ತೆಯ ಆಸುಪಾಸಿನಲ್ಲಿ ಒಂದು ‘ಮುಖ್ಯ ಚಿತ್ರಮಂದಿರ’ ಇರಲೇಬೇಕೆಂಬುದು ಅಲ್ಲಿಯ ಸಂಪ್ರದಾಯ. ಚಿತ್ರದ ಗಳಿಕೆಯೆಲ್ಲ ಮಾಲುಗಳಿಂದ ಬರುತ್ತಿದ್ದರೂ ಕಟೌಟ್ ನಿಲ್ಲುವುದು ಮುಖ್ಯ ಚಿತ್ರಮಂದಿರದ ಮುಂದೆ, ಹಾಲಿನ ಅಭಿಷೇಕ ಅಲ್ಲಿ, ಪಟಾಕಿ ಅಲ್ಲಿ, ದೂರದರ್ಶನ ವಾಹಿನಿಗಳ ಮುಂದೆ ನಾಯಕನಟರು ಕೈಮುಗಿಯುವುದೂ ಅಲ್ಲಿಯೇ. ಶುಕ್ರವಾರ ಮಧ್ಯಾಹ್ನದ ಹೊತ್ತಿಗೆ ಹಾಲು ಒಣಗುತ್ತದೆ. ಆ ಮೇಲೆ ನಿರ್ಮಾಪಕರು ವಾರಕ್ಕಿಷ್ಟು ಎಂದು ಮಂದಿರಕ್ಕೆ ಬಾಡಿಗೆ ಕಟ್ಟುತ್ತ ಇಪ್ಪತ್ತೈದನೆಯ ದಿನದ ಪೋಸ್ಟರಿಗಾಗಿ ಕಾಯುತ್ತಾರೆ. ಈ ಬಾಡಿಗೆ ಪದ್ಧತಿಯ ಸೊಬಗು ಹೊರಗಿನವರಿಗೆ ಸುಲಭವಾಗಿ ಅರ್ಥವಾಗುವುದಿಲ್ಲ: ಪ್ರೇಕ್ಷಕ ಬಂದರೂ ಬಾರದಿದ್ದರೂ ಮಾಲೀಕರಿಗೆ ಬಾಡಿಗೆ ಬರುತ್ತದೆ, ನಿರ್ಮಾಪಕರಿಗೆ ಪೋಸ್ಟರು ಸಿಗುತ್ತದೆ, ಅಭಿಮಾನಿಗಳಿಗೆ ದಾಖಲೆ ಸಿಗುತ್ತದೆ. ಇಡೀ ವ್ಯವಸ್ಥೆಯಲ್ಲಿ ಅಗತ್ಯವಿಲ್ಲದವನು ಪ್ರೇಕ್ಷಕನೊಬ್ಬನೇ, ಅವನು ಅದನ್ನು ಅರಿತು ಗೌರವದಿಂದ ಹಿಂದೆ ಸರಿದಿದ್ದಾನೆ. ಬಾಡಿಗೆ ಕಟ್ಟಲು ನಿರ್ಮಾಪಕರಿಗೆ ಶಕ್ತಿಯಿಲ್ಲದಾದಾಗ, ಶೇಕಡಾವಾರು ಹಂಚಿಕೆಯಲ್ಲಿ ಹಂಚಿಕೊಳ್ಳಲು ಹಣವಿಲ್ಲದಾದಾಗ, ಮಾಲೀಕರು ಕಟ್ಟಡದ ಅಡಿಯಲ್ಲಿರುವ ನೆಲದ ಬೆಲೆಯನ್ನು ಲೆಕ್ಕ ಹಾಕುತ್ತಾರೆ. ಅಂದು ಉದ್ಯಮದ ಗಣ್ಯರು ಗೋಷ್ಠಿ ಕರೆದು, ಏಕಪರದೆಗಳು ಉಳಿಯದಿದ್ದರೆ ಕನ್ನಡ ಚಿತ್ರರಂಗಕ್ಕೆ ಭವಿಷ್ಯವಿಲ್ಲವೆಂದು ಕಂಬನಿ ಮಿಡಿಯುತ್ತಾರೆ. ದೊಡ್ಡ ನಟರ ಚಿತ್ರ ಎರಡು ವರ್ಷಕ್ಕೊಮ್ಮೆ ಬಂದರೆ ನಡುವಿನ ನೂರು ವಾರ ಆ ಪರದೆಯ ಮೇಲೆ ಏನು ಹಾಕಬೇಕು ಎಂದು ಕೇಳುವ ಪ್ರದರ್ಶಕನನ್ನು ಅಂತಹ ಗೋಷ್ಠಿಯಲ್ಲಿ ವೇದಿಕೆಯ ಮೇಲೆ ಕೂರಿಸುವುದಿಲ್ಲ.

ಇನ್ನು ಸರ್ಕಾರ. ಅದು ಟಿಕೆಟ್ ದರಕ್ಕೆ 200 ರೂಪಾಯಿಯ ಮಿತಿ ಹಾಕಲು 2017ರಲ್ಲೊಮ್ಮೆ ಹೊರಟು, ಆ ಆದೇಶ ನ್ಯಾಯಾಲಯದ ಮೆಟ್ಟಿಲು ಹತ್ತಿ ನಿತ್ರಾಣವಾಗಿತ್ತು. 2025ರ ಬಜೆಟ್ಟಿನಲ್ಲಿ ಅದನ್ನೇ ಮತ್ತೆ ಘೋಷಿಸಿ, ಸೆಪ್ಟೆಂಬರ್ 12ರಂದು ನಿಯಮಕ್ಕೆ ತಿದ್ದುಪಡಿ ತಂದಿತು. ತೆರಿಗೆ ಬಿಟ್ಟು 200 ರೂಪಾಯಿ. 75 ಅಥವಾ ಅದಕ್ಕಿಂತ ಕಡಿಮೆ ಆಸನಗಳ ಐಷಾರಾಮಿ ಪರದೆಗಳಿಗೆ ವಿನಾಯಿತಿ, ಏಕೆಂದರೆ ಒರಗಿ ಮಲಗಿ ಸಿನಿಮಾ ನೋಡುವವರನ್ನು ದರ ಇಳಿಕೆಯಿಂದ ಎಬ್ಬಿಸುವುದು ಸರಿಯಲ್ಲ. ಸೆಪ್ಟೆಂಬರ್ 23ರಂದು ಹೈಕೋರ್ಟ್ ತಡೆ ನೀಡಿತು. ಅಂದರೆ ನಿಯಮವು ಚಿತ್ರಮಂದಿರದ ಭಾಷೆಯಲ್ಲಿ ಹೇಳುವುದಾದರೆ ಎರಡನೆಯ ವಾರವನ್ನೂ ಪೂರೈಸಲಿಲ್ಲ. ಬಳಿಕ ವಿಭಾಗೀಯ ಪೀಠವು, ಮುಂದೆ ಸರ್ಕಾರ ಗೆದ್ದರೆ ಹೆಚ್ಚುವರಿ ಹಣವನ್ನು ಪ್ರೇಕ್ಷಕರಿಗೆ ಮರಳಿಸಲು ಅನುಕೂಲವಾಗುವಂತೆ ಮಾರಿದ ಟಿಕೆಟ್ಟುಗಳ ಲೆಕ್ಕವಿಡಬೇಕೆಂದು ಮಲ್ಟಿಪ್ಲೆಕ್ಸುಗಳಿಗೆ ಷರತ್ತು ಹಾಕಿತು. ಸುಪ್ರೀಂ ಕೋರ್ಟ್ ಆ ಷರತ್ತಿಗೆ ತಡೆ ನೀಡಿತು. ದರಕ್ಕೆ ಮಿತಿ, ಮಿತಿಗೆ ತಡೆ, ತಡೆಗೆ ಷರತ್ತು, ಷರತ್ತಿಗೆ ತಡೆ: ಇಷ್ಟು ತಿರುವುಗಳಿರುವ ಚಿತ್ರಕಥೆ ಆ ವರ್ಷ ಗಾಂಧಿನಗರದಿಂದ ಬಂದಿರಲಾರದು.

ಈ ಹೋರಾಟದುದ್ದಕ್ಕೂ ಎರಡೂ ಕಡೆಯವರು ಒಮ್ಮೆಯೂ ವಿಚಾರಿಸದ ಸಂಗತಿಯೊಂದಿದೆ. ತಾಲ್ಲೂಕು ಕೇಂದ್ರದ ಬಸ್ ನಿಲ್ದಾಣದ ಹಿಂದೆ, 80 ಅಥವಾ 100 ರೂಪಾಯಿಗೆ ಟಿಕೆಟ್ ಕೊಡುತ್ತಿರುವ ಟಾಕೀಸಿನ ಮಾಲೀಕ 200 ರೂಪಾಯಿಯ ಮಿತಿಯನ್ನು ಮೀರುವುದಿರಲಿ, ಅದನ್ನು ದೂರದಿಂದಲೂ ಕಂಡವನಲ್ಲ. ಅವನನ್ನು ರಕ್ಷಿಸುವ ನಿಯಮವೆಂದರೆ, ಮುಳುಗುತ್ತಿರುವವನ ಅನುಕೂಲಕ್ಕಾಗಿ ಹಡಗಿನ ಪ್ರಯಾಣ ದರವನ್ನು ಇಳಿಸಿದಂತೆ. ಕೇಂದ್ರ ಸರ್ಕಾರ 2025ರ ಸೆಪ್ಟೆಂಬರಿನಲ್ಲಿ 100 ರೂಪಾಯಿವರೆಗಿನ ಟಿಕೆಟ್ಟಿನ ಜಿಎಸ್‌ಟಿಯನ್ನು ಶೇ 12ರಿಂದ ಶೇ 5ಕ್ಕೆ ಇಳಿಸಿದ್ದು ಅವನಿಗೆ ನಿಜಕ್ಕೂ ತಲುಪಬಹುದಾದ ಉಪಕಾರ. ಮಾರಾಟವಾಗುವ ಪ್ರತಿಯೊಂದು ಟಿಕೆಟ್ಟಿನ ಮೇಲೂ ಅದು ಅನ್ವಯವಾಗುತ್ತದೆ.

ಆ ಟಿಕೆಟ್ಟುಗಳ ವಿಷಯವನ್ನು ತಿಳಿಯಬಯಸುವವರಿಗೆ ಒಂದು ಉಪಾಯವುಂಟು. ಶೋಕಿಸಲು ಅರ್ಹವಾಗುವಷ್ಟು ಹಳೆಯದಾಗಿದ್ದೂ ಇನ್ನೂ ಮುಚ್ಚದಿರುವ ಮಂದಿರಗಳು ರಾಜ್ಯದ ಬಹುತೇಕ ಪಟ್ಟಣಗಳಲ್ಲಿ ಒಂದೊಂದಾದರೂ ಉಳಿದಿವೆ. ಅವುಗಳ ಪಟ್ಟಿಯನ್ನು ಇಲ್ಲಿ ಕೊಡುವುದಿಲ್ಲ, ಕೊಟ್ಟರೆ ಸ್ಮರಣ ಸಂಚಿಕೆಗಳು ಮುಂಗಡವಾಗಿ ಅಚ್ಚಾಗುವ ಅಪಾಯವಿದೆ. ಮಂಗಳವಾರವೋ ಬುಧವಾರವೋ ಬೆಳಗಿನ ಆಟದ ಹೊತ್ತಿಗೆ ಅಂಥದೊಂದರ ಕಿಂಡಿಯ ಮುಂದೆ ನಿಂತು ಹಣ ಚಾಚಿದರೆ, ಒಳಗಿನವರು ಹಣ ತೆಗೆದುಕೊಳ್ಳುವ ಮುನ್ನ ನಿಮ್ಮ ಬೆನ್ನ ಹಿಂದಿನ ಖಾಲಿ ಅಂಗಳವನ್ನೊಮ್ಮೆ ನೋಡಿ, ಬಹಳ ವಿನಯದಿಂದ ಹೇಳುತ್ತಾರೆ: “ಸ್ವಲ್ಪ ಕೂತಿರಿ ಸಾರ್, ಹತ್ತು ಜನ ಆಗ್ಲಿ, ಹಾಕ್ತೀವಿ.”